ಗಾಜಿನ ಎಳೆಯಲ್ಲಿ ಅತಿಹ್ರಸ್ವ ಲೇಸರ್ ಸ್ಪಂದಗಳ ವರ್ಧನೆ: ಉದ್ಯಮಿಗಳು ತಿಳಿಯಬೇಕಾದ ಸಂಗತಿಗಳು

ತಗಡು ಕತ್ತರಿಸುವ ಫೈಬರ್ ಲೇಸರ್ ಯಂತ್ರವು ನಮ್ಮ ಸದಸ್ಯ ಉದ್ಯಮಿಗಳಿಗೆ ಹೊಸತೇನಲ್ಲ. ಉಕ್ಕಿನ ತಗಡನ್ನು ಕರಗಿಸಿ, ಕರಗಿದ ಲೋಹವನ್ನು ಅನಿಲದ ಒತ್ತಡದಿಂದ ಊದಿ ಹೊರಹಾಕುವುದು ಅದರ ಕಾರ್ಯವಿಧಾನ. ಆದರೆ ಹೃದಯದ ರಕ್ತನಾಳದಲ್ಲಿ ಇರಿಸುವ ಸ್ಟೆಂಟ್, ದೂರವಾಣಿಯ ಗಾಜಿನ ಪರದೆ, ಇಂಧನವನ್ನು ಚಿಮ್ಮಿಸುವ ಇಂಜೆಕ್ಟರಿನ ಸೂಕ್ಷ್ಮ ರಂಧ್ರ ಮುಂತಾದ ಕೆಲಸಗಳಲ್ಲಿ ಕರಗುವಿಕೆಯೇ ದೋಷವಾಗುತ್ತದೆ. ಅಂಚಿನಲ್ಲಿ ಉಳಿಯುವ ಬರ್, ಶಾಖದಿಂದ ಬದಲಾದ ಲೋಹ, ಗಾಜಿನಲ್ಲಿ ಮೂಡುವ ಕೂದಲೆಳೆಯಂತಹ ಬಿರುಕು ಇವುಗಳಲ್ಲಿ ಯಾವುದನ್ನೂ ಅಂತಹ ಕೆಲಸ ಸಹಿಸುವುದಿಲ್ಲ. ಇಂತಹ ಕಡೆ ಬಳಕೆಗೆ ಬಂದಿರುವುದು ಅತಿಹ್ರಸ್ವ ಸ್ಪಂದಗಳ ಲೇಸರ್. ಇದನ್ನು ವ್ಯವಹಾರದಲ್ಲಿ ಪಿಕೋಸೆಕೆಂಡ್ ಲೇಸರ್, ಫೆಮ್ಟೊಸೆಕೆಂಡ್ ಲೇಸರ್ ಎಂದು ಕರೆಯುತ್ತಾರೆ.

ಈ ತಂತ್ರವು ಪ್ರಯೋಗಾಲಯದ ಗಡಿ ದಾಟಿ ಬಹಳ ಕಾಲವಾಗಿದೆ. ಅತಿಹ್ರಸ್ವ ಸ್ಪಂದಗಳ ಲೇಸರನ್ನು ಸಾಮೂಹಿಕ ಉತ್ಪಾದನೆಗೆ ಅಳವಡಿಸಿದುದಕ್ಕಾಗಿ ಬಾಷ್ ಮತ್ತು ಟ್ರಂಫ್ ಸಂಸ್ಥೆಗಳು ಹಾಗೂ ಯೇನಾ ವಿಶ್ವವಿದ್ಯಾಲಯದ ತಜ್ಞರಿಗೆ ಜರ್ಮನಿಯ ರಾಷ್ಟ್ರಾಧ್ಯಕ್ಷರ ತಂತ್ರಜ್ಞಾನ ಪ್ರಶಸ್ತಿಯು 2013ರಲ್ಲಿ ಸಂದಿತು. ಇಂಜೆಕ್ಟರ್ ತಯಾರಿಕೆಯು ಆ ಸಾಧನೆಯ ಮುಖ್ಯ ಉದಾಹರಣೆಗಳಲ್ಲಿ ಒಂದಾಗಿತ್ತು.

ಇಂತಹ ಯಂತ್ರದ ಬೆಲೆ ಸಾಮಾನ್ಯ ಫೈಬರ್ ಲೇಸರಿಗಿಂತ ಬಹಳ ಹೆಚ್ಚು. ಆದರೆ ದರಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವ ವ್ಯಾಟ್ ಸಂಖ್ಯೆಯು ಯಂತ್ರದ ಯೋಗ್ಯತೆಯನ್ನು ಪೂರ್ಣವಾಗಿ ತಿಳಿಸುವುದಿಲ್ಲ. ಎಳೆಯನ್ನು ಆಧರಿಸಿದ ಯಂತ್ರಗಳಲ್ಲಿ ಯೋಗ್ಯತೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಯಂತ್ರದೊಳಗೆ ಅಡಗಿರುವ ಒಂದೆರಡು ಮೀಟರ್ ಉದ್ದದ ಗಾಜಿನ ಎಳೆ. ಆ ಎಳೆ ಎಷ್ಟು ಗಿಡ್ಡದ್ದೋ ಅಷ್ಟು ಒಳ್ಳೆಯದು. ಗಿಡ್ಡದಾಗಿ ಮಾಡಬೇಕಾದರೆ ಅದರಲ್ಲಿ ವರ್ಧಕ ಧಾತುವನ್ನು ಗಾಢವಾಗಿ ಬೆರೆಸಬೇಕು. ಗಾಢವಾಗಿ ಬೆರೆಸಿದರೆ ಎಳೆಯ ಆಯುಷ್ಯಕ್ಕೆ ಕುತ್ತು ಬರುವ ಸಂಭವವುಂಟು. ಈ ಮೂರು ಮಾತುಗಳ ನಡುವಿನ ಸಂಬಂಧವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸ್ಪಂದ ಎಷ್ಟು ಹ್ರಸ್ವ?

ಒಂದು ಸೆಕೆಂಡನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅದರಲ್ಲೊಂದು ಭಾಗ ಪಿಕೋಸೆಕೆಂಡ್. ಅದರ ಸಾವಿರದ ಒಂದು ಭಾಗ ಫೆಮ್ಟೊಸೆಕೆಂಡ್. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ಬೆಳಕು 400 ಫೆಮ್ಟೊಸೆಕೆಂಡುಗಳಲ್ಲಿ ಗಾಳಿಯಲ್ಲಿ ಕ್ರಮಿಸುವ ದೂರ ಕೇವಲ 0.12 ಮಿಲಿಮೀಟರ್. ಅಂದರೆ ಇಂತಹ ಸ್ಪಂದವು ಬೆಳಕಿನ ಒಂದು ತೆಳು ಹಾಳೆಯಂತೆ ಸಾಗುತ್ತದೆ.

ಲೋಹದ ಮೇಲೆ ಬಿದ್ದ ಬೆಳಕನ್ನು ಮೊದಲು ಹೀರುವವು ಎಲೆಕ್ಟ್ರಾನುಗಳು. ಅವು ಪಡೆದ ಶಾಖವು ಲೋಹದ ಪರಮಾಣುಗಳ ಜಾಲಕ್ಕೆ ವರ್ಗವಾಗಲು ಕೆಲವು ಪಿಕೋಸೆಕೆಂಡುಗಳು ಬೇಕು. ಸ್ಪಂದವು ಅದಕ್ಕೂ ಮೊದಲೇ ಮುಗಿದುಹೋದರೆ, ಬೆಳಕು ಬಿದ್ದ ತೆಳುಪದರವು ಆವಿಯಾಗಿ ಸಿಡಿದುಹೋಗುತ್ತದೆ. ಸುತ್ತಲಿನ ಲೋಹಕ್ಕೆ ಶಾಖ ಹರಡಲು ಅವಕಾಶ ಬಹಳ ಕಡಿಮೆ. ಆದುದರಿಂದಲೇ ಅಂಚು ಶುದ್ಧವಾಗಿ ಉಳಿಯುತ್ತದೆ. ಗಾಜಿನಂತಹ ಪಾರದರ್ಶಕ ವಸ್ತುವು ಸಾಮಾನ್ಯ ಲೇಸರ್ ಬೆಳಕನ್ನು ಹಾದುಹೋಗಲು ಬಿಡುತ್ತದೆ. ಸ್ಪಂದವು ಸಾಕಷ್ಟು ಹ್ರಸ್ವವೂ ತೀವ್ರವೂ ಆಗಿದ್ದರೆ ಮಾತ್ರ ಅಂತಹ ವಸ್ತುವೂ ನಾಭಿಯ ಸ್ಥಾನದಲ್ಲಿ ಬೆಳಕನ್ನು ಹೀರತೊಡಗುತ್ತದೆ.

ಇಲ್ಲಿ ಎರಡು ಬಗೆಯ ಸಾಮರ್ಥ್ಯಗಳನ್ನು ಬೇರ್ಪಡಿಸಿ ನೋಡಬೇಕು. ಸರಾಸರಿ 20 ವ್ಯಾಟ್ ಸಾಮರ್ಥ್ಯದ ಲೇಸರ್ ಒಂದು ಸೆಕೆಂಡಿಗೆ 2 ಲಕ್ಷ ಸ್ಪಂದಗಳನ್ನು ನೀಡುತ್ತದೆ ಎಂದಿಟ್ಟುಕೊಳ್ಳೋಣ. ಆಗ ಪ್ರತಿ ಸ್ಪಂದದಲ್ಲಿರುವ ಶಕ್ತಿ 100 ಮೈಕ್ರೋಜೂಲ್. ಈ ಶಕ್ತಿಯೆಲ್ಲ 400 ಫೆಮ್ಟೊಸೆಕೆಂಡುಗಳಲ್ಲಿ ಅಡಕವಾಗಿದ್ದರೆ, ಆ ಕ್ಷಣದ ಶಿಖರ ಸಾಮರ್ಥ್ಯ 25 ಕೋಟಿ ವ್ಯಾಟ್, ಎಂದರೆ 250 ಮೆಗಾವ್ಯಾಟ್ ಆಗುತ್ತದೆ. ಸರಾಸರಿ ಲೆಕ್ಕದಲ್ಲಿ ಒಂದು ಸಣ್ಣ ದೀಪದಷ್ಟೇ ಇರುವ ಬೆಳಕು ಕ್ಷಣಮಾತ್ರ ಒಂದು ವಿದ್ಯುತ್ ಸ್ಥಾವರದ ಘಟಕಕ್ಕೆ ಸಮನಾಗುತ್ತದೆ. ಕೆಲಸ ಮಾಡುವುದು ಈ ಶಿಖರ ಸಾಮರ್ಥ್ಯವೇ. ಎಳೆಗೆ ಅಪಾಯ ತರುವುದೂ ಇದೇ.

ಎಳೆಯು ವರ್ಧಕವಾದ ಬಗೆ

ಗಾಜಿನ ಎಳೆಯಲ್ಲಿ ಬೆಳಕನ್ನು ಸಾಗಿಸುವ ವಿದ್ಯೆಗೆ ಭದ್ರ ಬುನಾದಿ ಹಾಕಿದವರಲ್ಲಿ ಪಂಜಾಬಿನಲ್ಲಿ ಜನಿಸಿದ ನರೀಂದರ್ ಸಿಂಗ್ ಕಪಾನಿಯವರೂ ಒಬ್ಬರು. ಅವರು ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರೊಡನೆ ನಡೆಸಿದ ಪ್ರಯೋಗದ ವರದಿ 1954ರಲ್ಲಿ ಪ್ರಕಟವಾಯಿತು. ಸಾಗಿಸುವುದರ ಜೊತೆಗೆ ಬೆಳಕನ್ನು ಬೆಳೆಸಲೂ ಎಳೆಗೆ ಸಾಧ್ಯ ಎಂಬುದನ್ನು ಅಮೆರಿಕದ ಎಲಿಯಾಸ್ ಸ್ನಿಟ್ಜರ್ ಮತ್ತು ಚಾರ್ಲ್ಸ್ ಕೋಸ್ಟರ್ 1964ರಲ್ಲಿ ತೋರಿಸಿದರು. ಅವರು ಗಾಜಿಗೆ ನಿಯೋಡಿಮಿಯಂ ಎಂಬ ವಿರಳ ಭಸ್ಮ ಧಾತುವನ್ನು ಬೆರೆಸಿದ್ದರು. 1987ರಲ್ಲಿ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪೇನ್ ಅವರ ತಂಡವೂ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಮ್ಯಾನುಯೆಲ್ ಡಿಸರ್ವೀರ್ ಅವರೂ ಎರ್ಬಿಯಂ ಬೆರೆಸಿದ ಎಳೆ ವರ್ಧಕವನ್ನು ಸಿದ್ಧಪಡಿಸಿದರು. ಸಾಗರದಾಚೆಯ ದೂರವಾಣಿ ಮತ್ತು ಅಂತರ್ಜಾಲ ಸಂಪರ್ಕಗಳು ಈ ವರ್ಧಕವನ್ನೇ ಅವಲಂಬಿಸಿವೆ.

ಕೈಗಾರಿಕಾ ಯಂತ್ರಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಧಾತು ಯಿಟರ್ಬಿಯಂ. ಇದು 976 ನ್ಯಾನೋಮೀಟರ್ ತರಂಗದೂರದ ಬೆಳಕನ್ನು ಚೆನ್ನಾಗಿ ಹೀರಿ, 1030 ನ್ಯಾನೋಮೀಟರ್ ಆಸುಪಾಸಿನಲ್ಲಿ ಹೊರಬಿಡುತ್ತದೆ. ಅರೆವಾಹಕ ಡಯೋಡುಗಳಿಂದ ಬರುವ ಬೆಳಕನ್ನು ಎಳೆಗೆ ತುಂಬಿದಾಗ ಯಿಟರ್ಬಿಯಂ ಅಯಾನುಗಳು ಉದ್ರಿಕ್ತ ಸ್ಥಿತಿಗೆ ಏರಿ, ಸುಮಾರು ಒಂದು ಮಿಲಿಸೆಕೆಂಡಿನಷ್ಟು ಕಾಲ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಆಗ ಒಂದು ದುರ್ಬಲ ಸ್ಪಂದವು ಎಳೆಯ ಮೂಲಕ ಹಾದುಹೋದರೆ, ಅಯಾನುಗಳು ತಮ್ಮ ಶಕ್ತಿಯನ್ನು ಅದಕ್ಕೆ ಧಾರೆಯೆರೆಯುತ್ತವೆ. ಹೀರಿದ ಬೆಳಕಿಗೂ ಬಿಟ್ಟ ಬೆಳಕಿಗೂ ತರಂಗದೂರದಲ್ಲಿ ಅಂತರ ಅಲ್ಪವಾದುದರಿಂದ, ಈ ಕಾರಣದಿಂದ ಶಾಖವಾಗಿ ಹೋಗುವ ಪಾಲು ಶೇಕಡ 5ರಷ್ಟು ಮಾತ್ರ. ನಿಯೋಡಿಮಿಯಂನಲ್ಲಿ 808ರಿಂದ 1064 ನ್ಯಾನೋಮೀಟರಿಗೆ ಇಳಿಯುವಾಗ ಈ ಪಾಲು ಶೇಕಡ 24ರಷ್ಟಿರುತ್ತದೆ.

ಎಳೆಯ ತಿರುಳು ಬಹು ತೆಳ್ಳಗಿರುವುದರಿಂದ ಅದರೊಳಕ್ಕೆ ಅಗ್ಗದ, ಬಲಶಾಲಿ ಡಯೋಡಿನ ಬೆಳಕನ್ನು ನೇರವಾಗಿ ತುಂಬುವುದು ಕಷ್ಟ. ಇದಕ್ಕೆ 1988ರಲ್ಲಿ ಸ್ನಿಟ್ಜರ್ ಮತ್ತು ಸಂಗಡಿಗರು ಎರಡು ಹೊದಿಕೆಗಳ ಎಳೆಯನ್ನು ಸೂಚಿಸಿದರು. ಡಯೋಡಿನ ಬೆಳಕು ಅಗಲವಾದ ಒಳಹೊದಿಕೆಯಲ್ಲಿ ಸಾಗುತ್ತ, ಅಡ್ಡ ಬಂದಾಗಲೆಲ್ಲ ತಿರುಳಿನೊಳಗಿನ ಯಿಟರ್ಬಿಯಂಗೆ ಸ್ವಲ್ಪ ಸ್ವಲ್ಪವಾಗಿ ಸೇರುತ್ತದೆ. ಎಳೆ ಉದ್ದವೂ ತೆಳುವೂ ಆಗಿರುವುದರಿಂದ ಶಾಖವು ಮೇಲ್ಮೈಯಿಂದ ಸುಲಭವಾಗಿ ಹೊರಹೋಗುತ್ತದೆ. ಕಿರಣವು ತಿರುಳಿನೊಳಗೇ ಬಂಧಿತವಾಗಿರುವುದರಿಂದ ಅದರ ಗುಣಮಟ್ಟ ಕೆಡುವುದಿಲ್ಲ. ತಗಡು ಕತ್ತರಿಸುವ ಫೈಬರ್ ಲೇಸರಿನ ಯಶಸ್ಸಿಗೆ ಮುಖ್ಯ ಕಾರಣಗಳು ಇವೇ.

ಹ್ರಸ್ವ ಸ್ಪಂದಕ್ಕೆ ಗಾಜೇ ಶತ್ರು

ತಗಡು ಕತ್ತರಿಸುವ ಯಂತ್ರದಲ್ಲಿ ವರವಾಗಿದ್ದ ಉದ್ದವಾದ, ತೆಳುವಾದ ತಿರುಳು ಹ್ರಸ್ವ ಸ್ಪಂದಕ್ಕೆ ಶಾಪವಾಗುತ್ತದೆ. ಬೆಳಕು ಅತ್ಯಂತ ತೀವ್ರವಾದಾಗ ಗಾಜಿನ ವಕ್ರೀಭವನ ಸೂಚ್ಯಂಕ ಅತಿ ಸ್ವಲ್ಪ ಹೆಚ್ಚುತ್ತದೆ. ಸ್ಪಂದದ ನಡುಭಾಗ ತೀವ್ರ, ಆದಿ ಅಂತ್ಯಗಳು ಮಂದ. ಆದುದರಿಂದ ನಡುಭಾಗದ ಅಲೆಗಳು ತುಸು ಹಿಂದೆ ಬೀಳುತ್ತವೆ. ಹೀಗೆ ಬೀಳುವ ಹಿನ್ನಡೆ ಉದ್ದಕ್ಕೂ ಕೂಡುತ್ತ ಹೋಗಿ ಸ್ಪಂದದ ಆಕಾರವನ್ನೇ ಕೆಡಿಸುತ್ತದೆ. ಈ ಸಂಚಿತ ಹಿನ್ನಡೆಯನ್ನು ತಜ್ಞರು ರೇಡಿಯನ್‌ಗಳಲ್ಲಿ ಅಳೆದು ಬಿ ಮೊತ್ತ ಎನ್ನುತ್ತಾರೆ. ಅದು ಸುಮಾರು 3ನ್ನು ಮೀರಿದರೆ ಸ್ಪಂದವನ್ನು ಮತ್ತೆ ಶುದ್ಧ ರೂಪಕ್ಕೆ ತರುವುದು ಕಷ್ಟವಾಗುತ್ತದೆ ಎಂಬುದು ವಾಡಿಕೆಯ ಅಳತೆಗೋಲು.

ಬಿ ಮೊತ್ತವು ಎಷ್ಟು ಬೇಗ ಬೆಳೆಯುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ಮನಗಾಣಬಹುದು. 6 ಮೈಕ್ರಾನ್ ವ್ಯಾಸದ ತಿರುಳಿನಲ್ಲಿ ಕೇವಲ ಒಂದು ಕಿಲೋವ್ಯಾಟ್ ಶಿಖರ ಸಾಮರ್ಥ್ಯದ ಸ್ಪಂದವು ಒಂದು ಮೀಟರ್ ಸಾಗಿದರೆ ಬಿ ಮೊತ್ತ 5ರಿಂದ 6ರಷ್ಟಾಗುತ್ತದೆ. ನಮಗೆ ಬೇಕಾಗಿರುವುದು ಇದರ ಎರಡೂವರೆ ಲಕ್ಷ ಪಟ್ಟು ಸಾಮರ್ಥ್ಯ ಎಂಬುದನ್ನು ನೆನಪಿಡಬೇಕು. ಇನ್ನೊಂದು ಅಡಚಣೆಯೂ ಇದೆ. ಸಿಲಿಕಾ ಗಾಜಿನಲ್ಲಿ ಶಿಖರ ಸಾಮರ್ಥ್ಯವು ಸುಮಾರು 4 ಮೆಗಾವ್ಯಾಟ್ ಮೀರಿದರೆ ಕಿರಣವು ತಾನೇ ತಾನಾಗಿ ಒಂದು ಬಿಂದುವಿಗೆ ಕುಗ್ಗಿ ಗಾಜನ್ನು ಒಡೆಯುತ್ತದೆ. ತಿರುಳನ್ನು ಎಷ್ಟೇ ಅಗಲಿಸಿದರೂ ಈ ಮಿತಿ ಬದಲಾಗುವುದಿಲ್ಲ.

ಮೂರನೆಯ ಮಿತಿಗೆ ನಮ್ಮ ದೇಶದ ಹೆಸರಾಂತ ವಿಜ್ಞಾನಿಯ ಹೆಸರೇ ಇದೆ. 1928ರಲ್ಲಿ ಕಲ್ಕತ್ತೆಯಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಪ್ರಕಟಿಸಿ, 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ಸರ್ ಸಿ. ವಿ. ರಾಮನ್ ಅವರು ಕಂಡುಹಿಡಿದ ಚದರಿಕೆಯೇ ಅದು. ತೀವ್ರ ಬೆಳಕು ಉದ್ದವಾದ ಎಳೆಯಲ್ಲಿ ಸಾಗುವಾಗ ರಾಮನ್ ಚದರಿಕೆ ತಾನೇ ಬಲಗೊಳ್ಳುತ್ತ, ಸ್ಪಂದದ ಶಕ್ತಿಯನ್ನು ಬೇಡದ ಬೇರೊಂದು ತರಂಗದೂರಕ್ಕೆ ಒಯ್ಯುತ್ತದೆ. ಈ ತೊಂದರೆಯೂ ಬಿ ಮೊತ್ತದಂತೆಯೇ ಎಳೆಯ ಉದ್ದದೊಡನೆ ಹೆಚ್ಚುತ್ತದೆ.

ಮೂರು ಪರಿಹಾರಗಳು: ಹಿಗ್ಗಿಸು, ಅಗಲಿಸು, ಗಿಡ್ಡಗೊಳಿಸು

ಮೊದಲನೆಯ ಪರಿಹಾರವನ್ನು ನೀಡಿದವರು ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರೂ. ಅವರು 1985ರಲ್ಲಿ ಪ್ರಕಟಿಸಿದ ಉಪಾಯ ಸರಳವಾದುದು. ಹ್ರಸ್ವ ಸ್ಪಂದದಲ್ಲಿ ಹಲವು ವರ್ಣಗಳು ಬೆರೆತಿರುತ್ತವೆ. ವರ್ಣಗಳನ್ನು ಒಂದರ ಹಿಂದೊಂದು ಸಾಗುವಂತೆ ಸಾಲಾಗಿ ಬಿಡಿಸಿದರೆ ಸ್ಪಂದ ಹಿಗ್ಗುತ್ತದೆ, ಶಿಖರ ತಗ್ಗುತ್ತದೆ. ತಗ್ಗಿದ ಸ್ಪಂದವನ್ನು ನಿರಪಾಯವಾಗಿ ವರ್ಧಿಸಿ, ಕೊನೆಯಲ್ಲಿ ಸೂಕ್ಷ್ಮ ಗೀರುಗಳುಳ್ಳ ಗ್ರೇಟಿಂಗ್ ಫಲಕಗಳ ನೆರವಿನಿಂದ ವರ್ಣಗಳನ್ನು ಮತ್ತೆ ಒಟ್ಟುಗೂಡಿಸಿದರೆ ಸ್ಪಂದ ಪುನಃ ಹ್ರಸ್ವವಾಗುತ್ತದೆ. ಆ ಮೊದಲ ಪ್ರಯೋಗದಲ್ಲಿ ಹಿಗ್ಗಿಸಲು ಬಳಸಿದ್ದು 1.4 ಕಿಲೋಮೀಟರ್ ಉದ್ದದ ಗಾಜಿನ ಎಳೆ. ಈ ಸಾಧನೆಗೆ 2018ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಇವರಿಬ್ಬರಿಗೂ ಪಾಲು ದೊರೆಯಿತು.

ನಮ್ಮ ಉದಾಹರಣೆಯ ಸ್ಪಂದವನ್ನು 400 ಫೆಮ್ಟೊಸೆಕೆಂಡಿನಿಂದ ಒಂದು ನ್ಯಾನೋಸೆಕೆಂಡಿಗೆ, ಎಂದರೆ 2500 ಪಟ್ಟು ಹಿಗ್ಗಿಸಿದರೆ 250 ಮೆಗಾವ್ಯಾಟಿನ ಶಿಖರವು 100 ಕಿಲೋವ್ಯಾಟಿಗೆ ಇಳಿಯುತ್ತದೆ. 4 ಮೆಗಾವ್ಯಾಟಿನ ಮಿತಿಯಿಂದ ನಾವು ದೂರ ಉಳಿದೆವು. ಆದರೂ 6 ಮೈಕ್ರಾನ್ ತಿರುಳಿಗೆ ಇದು ವಿಪರೀತ ಹೊರೆ. ಆದುದರಿಂದ ಎರಡನೆಯ ಪರಿಹಾರವೆಂದರೆ ತಿರುಳನ್ನು ಅಗಲಿಸುವುದು. 40 ಮೈಕ್ರಾನ್ ತಿರುಳಿನ ವಿಸ್ತೀರ್ಣವು 6 ಮೈಕ್ರಾನ್ ತಿರುಳಿಗಿಂತ 44 ಪಟ್ಟು ಹೆಚ್ಚು. ತಿರುಳು ಅಗಲವಾದಂತೆ ಕಿರಣವು ಹಲವು ರೂಪಗಳಲ್ಲಿ ಸಾಗಿ ಗುಣ ಕೆಡುವ ಭಯವಿದೆ. ಇದನ್ನು ತಡೆಯಲು ಉದ್ದಕ್ಕೂ ಸೂಕ್ಷ್ಮ ಗಾಳಿರಂಧ್ರಗಳಿರುವ ವಿಶೇಷ ಎಳೆಗಳನ್ನು ಬಳಸುತ್ತಾರೆ. ಬಹು ಅಗಲ ತಿರುಳಿನವು ಬಾಗುವುದೂ ಇಲ್ಲ. ಅವು ಸುಮಾರು ಒಂದು ಮೀಟರ್ ಉದ್ದದ ಗಾಜಿನ ಕಡ್ಡಿಯಂತಿರುತ್ತವೆ.

ಮೂರನೆಯ ಪರಿಹಾರವೇ ಎಳೆಯನ್ನು ಗಿಡ್ಡಗೊಳಿಸುವುದು. ವರ್ಧಕದಲ್ಲಿ ಸ್ಪಂದವು ಆರಂಭದಲ್ಲಿ ದುರ್ಬಲವಾಗಿದ್ದು ಕೊನೆಯಲ್ಲಷ್ಟೇ ಪ್ರಬಲವಾಗುವುದರಿಂದ, ಹಾನಿಯ ದೃಷ್ಟಿಯಿಂದ ಲೆಕ್ಕಕ್ಕೆ ಬರುವ ಉದ್ದವು ನಿಜವಾದ ಉದ್ದಕ್ಕಿಂತ ಕಡಿಮೆ. ಒಂದು ಮೀಟರ್ ಎಳೆಯಲ್ಲಿ ಸ್ಪಂದವು 100 ಪಟ್ಟು ಬೆಳೆದು 100 ಕಿಲೋವ್ಯಾಟ್ ತಲುಪಿದರೆ, ಲೆಕ್ಕಕ್ಕೆ ಬರುವ ಉದ್ದ ಸುಮಾರು 22 ಸೆಂಟಿಮೀಟರ್. 40 ಮೈಕ್ರಾನ್ ತಿರುಳಿನಲ್ಲಿ ಆಗ ಬಿ ಮೊತ್ತ 3ಕ್ಕಿಂತ ತುಸು ಕಡಿಮೆಯೇ ಉಳಿಯುತ್ತದೆ. ಅದೇ ವರ್ಧನೆಗೆ 5 ಮೀಟರ್ ಎಳೆ ಬೇಕಾಗಿದ್ದರೆ ಬಿ ಮೊತ್ತವು ಐದು ಪಟ್ಟಾಗಿ 14ರ ಹತ್ತಿರ ಹೋಗುತ್ತಿತ್ತು. ಹೊರಬರುವ ಸ್ಪಂದವನ್ನು ಶುದ್ಧವಾಗಿ ಕುಗ್ಗಿಸುವುದು ದುಸ್ಸಾಧ್ಯವಾಗುತ್ತಿತ್ತು. ಉಳಿದೆಲ್ಲವೂ ಒಂದೇ ಆಗಿದ್ದು ಉದ್ದವೊಂದೇ ಬೇರೆಯಾದಾಗ ಆಗುವ ವ್ಯತ್ಯಾಸವಿದು.

ಗಾಢ ಬೆರಕೆಯ ಲಾಭವೂ ಬೆಲೆಯೂ

ಎಳೆಯನ್ನು ಏಕೆ ಮನಸ್ಸಿಗೆ ಬಂದಷ್ಟು ಗಿಡ್ಡಗೊಳಿಸಲಾಗದು? ಡಯೋಡಿನ ಬೆಳಕು ಪೂರ್ಣವಾಗಿ ಹೀರಲ್ಪಡುವುದಕ್ಕೆ ಒಂದಿಷ್ಟು ಉದ್ದ ಬೇಕೇ ಬೇಕು. 10 ಮೈಕ್ರಾನ್ ತಿರುಳು, 125 ಮೈಕ್ರಾನ್ ಒಳಹೊದಿಕೆ ಇರುವ ಎಳೆಯಲ್ಲಿ ತಿರುಳಿನ ವಿಸ್ತೀರ್ಣವು ಒಟ್ಟಿನ 156ನೇ ಒಂದು ಭಾಗ ಮಾತ್ರ. ಹೊದಿಕೆಯಲ್ಲಿ ಓಡಾಡುವ ಬೆಳಕಿಗೆ ಯಿಟರ್ಬಿಯಂ ಸಿಗುವುದು ಅಷ್ಟೇ ಅಪರೂಪ. ಆದುದರಿಂದ ಹಲವು ಮೀಟರ್ ಉದ್ದ ಬೇಕಾಗುತ್ತದೆ. ಇದನ್ನು ತಗ್ಗಿಸಲು ಇರುವ ದಾರಿಗಳು ಎರಡು. ಹೊದಿಕೆಗೆ ಹೋಲಿಸಿದರೆ ತಿರುಳನ್ನು ಅಗಲಿಸಬೇಕು, ಇಲ್ಲವೇ ತಿರುಳಿನೊಳಗೆ ಯಿಟರ್ಬಿಯಂ ಪ್ರಮಾಣವನ್ನು ಹೆಚ್ಚಿಸಬೇಕು. ಪ್ರಮಾಣ ಎರಡು ಪಟ್ಟಾದರೆ ಬೇಕಾಗುವ ಉದ್ದ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಗಾಢ ಬೆರಕೆಯ ಎಳೆಗಳಿಗೆ ಇರುವ ಬೇಡಿಕೆಯ ಗುಟ್ಟು ಇದು.

ಆದರೆ ಈ ಲಾಭ ಪುಕ್ಕಟೆಯಾಗಿ ಬರುವುದಿಲ್ಲ. ಶುದ್ಧ ಸಿಲಿಕಾ ಗಾಜಿನಲ್ಲಿ ವಿರಳ ಭಸ್ಮ ಅಯಾನುಗಳು ಸುಲಭವಾಗಿ ಕರಗುವುದಿಲ್ಲ. ಪ್ರಮಾಣ ಹೆಚ್ಚಿದಂತೆ ಅವು ಹಿಟ್ಟಿನಲ್ಲಿ ಗಂಟು ಕಟ್ಟಿದಂತೆ ಗುಂಪುಗೂಡುತ್ತವೆ. ಗುಂಪಿನೊಳಗಿನ ಅಯಾನುಗಳು ತಮ್ಮ ಶಕ್ತಿಯನ್ನು ಸ್ಪಂದಕ್ಕೆ ಕೊಡುವ ಬದಲು ಪರಸ್ಪರ ಹಂಚಿಕೊಂಡು ವ್ಯರ್ಥಗೊಳಿಸುತ್ತವೆ. ಅಲ್ಯೂಮಿನಿಯಂ ಅಥವಾ ರಂಜಕವನ್ನು ಜೊತೆಗೆ ಬೆರೆಸಿದರೆ ಗುಂಪುಗೂಡುವಿಕೆ ತಗ್ಗುತ್ತದೆ. ಫಾಸ್ಫೇಟ್ ಗಾಜಿನಲ್ಲಂತೂ ಸಿಲಿಕಾಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಯಿಟರ್ಬಿಯಂ ಹಿಡಿಸುತ್ತದೆ. ಕೆಲವೇ ಸೆಂಟಿಮೀಟರ್‌ಗಳಿಂದ ಕೆಲವು ಹತ್ತು ಸೆಂಟಿಮೀಟರ್ ಉದ್ದದ ವರ್ಧಕವೂ ಸಾಧ್ಯವಾಗುತ್ತದೆ. ಆದರೆ ಫಾಸ್ಫೇಟ್ ಗಾಜು ಸಿಲಿಕಾದಷ್ಟು ಗಟ್ಟಿಯಲ್ಲ. ಬಹಳ ಕಡಿಮೆ ಉಷ್ಣತೆಯಲ್ಲೇ ಮೆದುವಾಗುವುದರಿಂದ ಅದನ್ನು ಸಾಮಾನ್ಯ ಸಿಲಿಕಾ ಎಳೆಗೆ ಬೆಸೆಯುವ ಕೆಲಸಕ್ಕೆ ವಿಶೇಷ ಕೌಶಲ ಬೇಕು.

ಎರಡನೆಯ ಬೆಲೆ, ಎಳೆಯ ಕಪ್ಪಾಗುವಿಕೆ. ಉದ್ರಿಕ್ತ ಸ್ಥಿತಿಯಲ್ಲಿರುವ ಅಯಾನುಗಳ ಸಂಖ್ಯೆ ಹೆಚ್ಚಿದಾಗ ಗಾಜಿನಲ್ಲಿ ಬೆಳಕು ಹೀರುವ ದೋಷಕೇಂದ್ರಗಳು ನಿಧಾನವಾಗಿ ಹುಟ್ಟಿಕೊಳ್ಳುತ್ತವೆ. ಗಂಟೆಗಳು ಉರುಳಿದಂತೆ ಎಳೆಯ ನಷ್ಟ ಏರುತ್ತದೆ. ಲೇಸರಿನ ಸಾಮರ್ಥ್ಯ ಇಳಿಯುತ್ತದೆ. ಬೆರಕೆ ಗಾಢವಾದಷ್ಟೂ ಈ ಪ್ರಕ್ರಿಯೆ ಚುರುಕಾಗುತ್ತದೆ. ಸ್ಪಂದ ವರ್ಧಕಗಳಲ್ಲಿ ಉದ್ರಿಕ್ತ ಅಯಾನುಗಳ ಪಾಲು ಹೆಚ್ಚಿರುವುದರಿಂದ ಅವುಗಳಿಗೆ ಅಪಾಯವೂ ಹೆಚ್ಚು. ರಂಜಕ ಅಥವಾ ಸೀರಿಯಂ ಬೆರೆಸಿದ ಗಾಜಿನಲ್ಲಿ ಕಪ್ಪಾಗುವಿಕೆ ಬಹಳ ಕಡಿಮೆ. ಉತ್ತಮ ತಯಾರಕರು ಗಾಜಿನ ಪಾಕವನ್ನು ಗುಟ್ಟಾಗಿ ಕಾಪಾಡಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಮೂರನೆಯ ಬೆಲೆ ಶಾಖ. 100 ವ್ಯಾಟ್ ಹೀರಿದಾಗ ಕನಿಷ್ಠ 5 ವ್ಯಾಟ್ ಶಾಖ ಉಳಿಯುತ್ತದೆ. 10 ಮೀಟರ್ ಎಳೆಯಲ್ಲಿ ಅದು ಮೀಟರಿಗೆ ಅರ್ಧ ವ್ಯಾಟ್. ಅರ್ಧ ಮೀಟರ್ ಎಳೆಯಲ್ಲಿ ಮೀಟರಿಗೆ 10 ವ್ಯಾಟ್. ಎಳೆಯ ಹೆಗ್ಗಳಿಕೆಯಾಗಿದ್ದ ತಣ್ಣನೆಯ ಗುಣವನ್ನು ಗಿಡ್ಡಗೊಳಿಸಿದಾಗ ಸ್ವಲ್ಪಮಟ್ಟಿಗೆ ಕಳೆದುಕೊಳ್ಳುತ್ತೇವೆ. ಅಗಲ ತಿರುಳಿನ ಎಳೆಯಲ್ಲಿ ಶಾಖವು ಒಂದು ಮಿತಿ ಮೀರಿದರೆ ಕಿರಣದ ಆಕಾರವು ಇದ್ದಕ್ಕಿದ್ದಂತೆ ಕಂಪಿಸತೊಡಗುತ್ತದೆ. 2010ರ ನಂತರದ ವರ್ಷಗಳಲ್ಲಿ ಸಂಶೋಧಕರನ್ನು ಬಹುವಾಗಿ ಕಾಡಿದ ಸಮಸ್ಯೆಯಿದು.

ಯೇನಾ ನಗರದ ಅನುಭವ

ಈ ಮೇಲಾಟವನ್ನು ಜರ್ಮನಿಯ ಯೇನಾ ನಗರದ ಸಂಶೋಧಕರ ಸಾಧನೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಸೂಕ್ಷ್ಮದರ್ಶಕ ಮತ್ತು ಮಸೂರಗಳ ತಯಾರಿಕೆಗೆ ಹತ್ತೊಂಬತ್ತನೆಯ ಶತಮಾನದಿಂದಲೇ ಹೆಸರಾದ ಊರು ಅದು. ಕಾರ್ಲ್ ಝೈಸ್ ಮತ್ತು ಷಾಟ್ ಉದ್ಯಮಗಳು ಹುಟ್ಟಿದ್ದು ಅಲ್ಲೇ. ಅಲ್ಲಿನ ವಿಶ್ವವಿದ್ಯಾಲಯ ಹಾಗೂ ಫ್ರಾನ್‌ಹೋಫರ್ ಸಂಸ್ಥೆಯ ತಂಡವು 2010ರಲ್ಲಿ ಸರಾಸರಿ 830 ವ್ಯಾಟ್ ಸಾಮರ್ಥ್ಯದ ಫೆಮ್ಟೊಸೆಕೆಂಡ್ ಎಳೆ ವರ್ಧಕವನ್ನು ವರದಿ ಮಾಡಿತು. 2011ರಲ್ಲಿ ಒಂದೊಂದು ಸ್ಪಂದದಲ್ಲಿ 2.2 ಮಿಲಿಜೂಲ್ ಶಕ್ತಿ, 3.8 ಗಿಗಾವ್ಯಾಟ್ ಶಿಖರ ಸಾಮರ್ಥ್ಯದ ಮಟ್ಟ ತಲುಪಿತು.

ಇದಾದ ಬಳಿಕ ಒಂದೇ ಎಳೆಯಿಂದ ಮುಂದೆ ಸಾಗುವುದು ಕಠಿಣವಾಯಿತು. ಆಗ ಹಲವು ಎಳೆಗಳಲ್ಲಿ ಪ್ರತ್ಯೇಕವಾಗಿ ವರ್ಧಿಸಿದ ಸ್ಪಂದಗಳನ್ನು ಅಲೆಗೆ ಅಲೆ ಹೊಂದಿಸಿ ಒಂದೇ ಕಿರಣವಾಗಿ ಕೂಡಿಸುವ ದಾರಿ ಹಿಡಿದರು. 2020ರಲ್ಲಿ ಹನ್ನೆರಡು ವರ್ಧಕಗಳನ್ನು ಹೀಗೆ ಕೂಡಿಸಿ ಸರಾಸರಿ 10.4 ಕಿಲೋವ್ಯಾಟ್ ಪಡೆಯಲಾಯಿತು. ಹತ್ತು ಎತ್ತುಗಳ ಕೆಲಸವನ್ನು ಒಂದೇ ಎತ್ತಿನಿಂದ ಮಾಡಿಸುವ ಹಟ ಬಿಟ್ಟು, ನೊಗಗಳನ್ನು ಒಂದುಗೂಡಿಸಿದ ರೀತಿಯಿದು.

ಎಳೆ ವರ್ಧಕವೊಂದೇ ದಾರಿಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ತೆಳುಬಿಲ್ಲೆಯಾಕಾರದ ಅಥವಾ ಹಲಗೆಯಾಕಾರದ ಹರಳುಗಳನ್ನು ಬಳಸುವ ವರ್ಧಕಗಳೂ ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ಬೆಳಕು ಹರಳಿನೊಳಗೆ ಸಾಗುವ ದೂರ ಅತ್ಯಲ್ಪವಾದುದರಿಂದ ಸ್ಪಂದವೊಂದರ ಶಕ್ತಿಯನ್ನು ಹೆಚ್ಚಿಸುವುದು ಸುಲಭ. ಕಿರಣದ ಸ್ಥಿರತೆ, ಕಡಿಮೆ ಜಾಗ, ಹೊಂದಾಣಿಕೆಯ ಅಗತ್ಯ ಕಡಿಮೆಯಿರುವುದು, ಸೆಕೆಂಡಿಗೆ ಲಕ್ಷಾಂತರ ಸ್ಪಂದಗಳ ವೇಗ ಇವು ಎಳೆ ವರ್ಧಕದ ಬಲಗಳು. ಆರಂಭದ ಹಂತಗಳಲ್ಲಿ ಎಳೆಯನ್ನೂ ಕೊನೆಯ ಹಂತದಲ್ಲಿ ಹರಳನ್ನೂ ಬಳಸುವ ಮಿಶ್ರ ಯಂತ್ರಗಳೂ ಇವೆ.

ಖರೀದಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಮೇಲಿನ ವಿವರಗಳ ಆಧಾರದ ಮೇಲೆ, ಯಂತ್ರ ಕೊಳ್ಳಬಯಸುವ ಸದಸ್ಯರು ಮಾರಾಟಗಾರರಿಂದ ಈ ಕೆಳಕಂಡ ಅಂಶಗಳನ್ನು ಲಿಖಿತವಾಗಿ ಪಡೆಯುವುದು ಒಳಿತು.

1. ಸರಾಸರಿ ವ್ಯಾಟ್ ಒಂದೇ ಸಾಲದು. ಒಂದು ಸ್ಪಂದದ ಶಕ್ತಿ ಎಷ್ಟು, ಆ ಶಕ್ತಿ ಸೆಕೆಂಡಿಗೆ ಎಷ್ಟು ಸ್ಪಂದಗಳವರೆಗೆ ದೊರೆಯುತ್ತದೆ ಎಂಬುದನ್ನು ಕೇಳಬೇಕು. ಸ್ಪಂದಗಳ ಸಂಖ್ಯೆ ಹೆಚ್ಚಿಸಿದಾಗ ಶಕ್ತಿ ಹಂಚಿಹೋಗುತ್ತದೆ.

2. ಸ್ಪಂದದ ಅವಧಿಯನ್ನು ಪೂರ್ಣ ಸಾಮರ್ಥ್ಯದಲ್ಲಿ ಅಳೆದು ತೋರಿಸಿದ್ದಾರೆಯೇ? ಕಡಿಮೆ ಸಾಮರ್ಥ್ಯದಲ್ಲಿ ಶುದ್ಧವಾಗಿರುವ ಸ್ಪಂದವು ಪೂರ್ಣ ಸಾಮರ್ಥ್ಯದಲ್ಲಿ ಬಿ ಮೊತ್ತದ ಹಾವಳಿಗೆ ಸಿಲುಕಿ ಹಿಂದೆ ಮುಂದೆ ಬಾಲ ಬೆಳೆಸಿಕೊಂಡಿರಬಹುದು. ಬಾಲದಲ್ಲಿ ಉಳಿದ ಶಕ್ತಿ ಶಾಖವಾಗುತ್ತದೆ. ಶಾಖವನ್ನು ತಪ್ಪಿಸಲೆಂದೇ ಈ ಯಂತ್ರವನ್ನು ಕೊಳ್ಳುತ್ತಿದ್ದೇವೆ ಎಂಬುದನ್ನು ಮರೆಯಬಾರದು.

3. ಸಾವಿರಾರು ಗಂಟೆ ನಡೆಸಿದ ನಂತರ ಸಾಮರ್ಥ್ಯ ಎಷ್ಟು ಇಳಿಯುತ್ತದೆ? ಕಪ್ಪಾಗುವಿಕೆಯ ಪರೀಕ್ಷೆಯ ದಾಖಲೆ ಇದೆಯೇ? ಇಳಿತವನ್ನು ಡಯೋಡಿನ ವಿದ್ಯುತ್ ಹೆಚ್ಚಿಸಿ ಮರೆಮಾಚಲಾಗುತ್ತದೆಯೇ ಎಂಬುದನ್ನೂ ವಿಚಾರಿಸಬೇಕು.

4. ಬೀಜ ಲೇಸರ್ ನಿಂತರೆ ರಕ್ಷಣೆ ಏನು? ವರ್ಧಕಕ್ಕೆ ಬರಬೇಕಾದ ದುರ್ಬಲ ಸ್ಪಂದಗಳು ಕ್ಷಣಕಾಲ ತಪ್ಪಿದರೂ ಎಳೆಯಲ್ಲಿ ಶಕ್ತಿ ಶೇಖರವಾಗಿ, ಮುಂದೆ ಬರುವ ಸ್ಪಂದವು ದೈತ್ಯವಾಗಿ ಎಳೆಯನ್ನೇ ಸುಡಬಲ್ಲದು. ಹೊಳೆಯುವ ಲೋಹದಿಂದ ಹಿಂದಿರುಗುವ ಬೆಳಕಿನಿಂದಲೂ ಇದೇ ಅಪಾಯವಿದೆ. ಎರಡಕ್ಕೂ ತಡೆ ಇರಬೇಕು.

5. ವರ್ಧಕದ ಘಟಕವನ್ನು ಸ್ಥಳದಲ್ಲೇ ಬದಲಿಸಬಹುದೇ, ಅಥವಾ ಯಂತ್ರವನ್ನು ವಿದೇಶಕ್ಕೆ ಕಳುಹಿಸಬೇಕೇ? ಕಳುಹಿಸಬೇಕಾದರೆ ಕೆಲಸ ನಿಲ್ಲುವ ದಿನಗಳೆಷ್ಟು, ಸಾಗಣೆ ಮತ್ತು ಸುಂಕ ಯಾರ ಪಾಲಿಗೆ ಎಂಬುದು ಒಪ್ಪಂದದಲ್ಲಿರಲಿ.

6. ತಂಪುಗೊಳಿಸುವ ನೀರಿನ ಉಷ್ಣತೆ, ಕೋಣೆಯ ತೇವಾಂಶ, ಧೂಳು, ವಿದ್ಯುತ್ ಏರಿಳಿತ ಇವುಗಳಿಗೆ ವಿಧಿಸಿರುವ ಮಿತಿಗಳನ್ನು ನಮ್ಮ ಕಾರ್ಖಾನೆ ಪಾಲಿಸಬಲ್ಲದೇ ಎಂದು ಮೊದಲೇ ಪರಿಶೀಲಿಸಬೇಕು.

7. ಎಲ್ಲಕ್ಕೂ ಮಿಗಿಲಾಗಿ, ಮಾರಾಟಗಾರರ ಮಾದರಿಯ ಮೇಲಲ್ಲ, ನಮ್ಮ ವಸ್ತುವಿನ ಮೇಲೆ, ನಮಗೆ ಬೇಕಾದ ವೇಗದಲ್ಲಿ ಕೆಲಸ ಮಾಡಿಸಿ ನೋಡಬೇಕು. ಶುದ್ಧ ಅಂಚು ದೊರೆತರೂ ಒಂದು ಭಾಗಕ್ಕೆ ತಗಲುವ ಸಮಯ ಹೆಚ್ಚಾದರೆ ಲೆಕ್ಕ ಕೂಡುವುದಿಲ್ಲ.

ಸುರಕ್ಷತೆಯ ಬಗ್ಗೆ ಒಂದು ಮಾತು ಅವಶ್ಯ. 1030 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣಿಸುವುದಿಲ್ಲ, ಆದರೆ ಕಣ್ಣಿನ ಅಕ್ಷಿಪಟಲವನ್ನು ತಲುಪಿ ಶಾಶ್ವತ ಹಾನಿ ಮಾಡುತ್ತದೆ. ಆ ತರಂಗದೂರಕ್ಕೆಂದೇ ತಯಾರಾದ ಕನ್ನಡಕ ಹಾಗೂ ಮುಚ್ಚಿದ ಕೋಣೆ ಕಡ್ಡಾಯ. ಇದಲ್ಲದೆ, ನಾಭಿಯಲ್ಲಿ ತೀವ್ರತೆಯು ಚದರ ಸೆಂಟಿಮೀಟರಿಗೆ 10 ಲಕ್ಷ ಕೋಟಿ ವ್ಯಾಟ್ ಮೀರಿದರೆ ಲೋಹದಿಂದ ಕ್ಷ-ಕಿರಣಗಳೂ ಹೊರಡಬಹುದು. ಯಂತ್ರದ ಕವಚವು ಅದನ್ನು ತಡೆಯುತ್ತದೆಯೇ ಎಂಬ ಪ್ರಮಾಣಪತ್ರ ಕೇಳಲು ಸಂಕೋಚ ಪಡಬೇಕಾಗಿಲ್ಲ.

ನಮ್ಮ ದೇಶದಲ್ಲಿ

ವಿರಳ ಭಸ್ಮ ಬೆರೆಸಿದ ಎಳೆಗಳ ತಯಾರಿಕೆಯಲ್ಲಿ ಕೋಲ್ಕತ್ತದ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆಯು ದೀರ್ಘಕಾಲದಿಂದ ತೊಡಗಿದೆ. ಇಂದೋರಿನ ರಾಜಾ ರಾಮಣ್ಣ ಉನ್ನತ ತಂತ್ರಜ್ಞಾನ ಕೇಂದ್ರದಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಫೈಬರ್ ಲೇಸರುಗಳ ಸಂಶೋಧನೆ ನಡೆದಿದೆ. ಅಂದರೆ ಸಲಹೆ ಪಡೆಯಲು ದೂರ ಹೋಗಬೇಕಾಗಿಲ್ಲ. ಸಣ್ಣ ಉದ್ಯಮಗಳು ತಲಾ ಒಂದೊಂದು ಯಂತ್ರ ಕೊಳ್ಳುವ ಬದಲು, ಕೆಲವರು ಕೂಡಿ ಒಂದು ಯಂತ್ರವನ್ನು ಜಾಬ್ ವರ್ಕ್ ಆಧಾರದ ಮೇಲೆ ಹಂಚಿಕೊಳ್ಳುವುದೂ ವಿಚಾರಾರ್ಹ. ಯಂತ್ರ ಬಿಡುವಿಲ್ಲದೆ ದುಡಿದರೆ ಮಾತ್ರ ಅದರ ಬಂಡವಾಳ ಹಿಂದಿರುಗುತ್ತದೆ.

ಯಂತ್ರದ ಹೊರಕವಚ, ಪರದೆ, ತಂತ್ರಾಂಶ ಇವೆಲ್ಲ ನೋಡಲು ಚೆಂದ. ಆದರೆ ಕೊಳ್ಳುವವರು ವಿಚಾರಿಸಬೇಕಾದುದು ಒಳಗಿನ ಆ ಒಂದು ಮೀಟರ್ ಗಾಜನ್ನು: ಅದರ ತಿರುಳು ಎಷ್ಟು ಅಗಲ, ಉದ್ದ ಎಷ್ಟು, ಬೆರಕೆ ಎಷ್ಟು ಗಾಢ, ಅದು ಎಷ್ಟು ಕಾಲ ಕಪ್ಪಾಗದೆ ಉಳಿಯುತ್ತದೆ. ಈ ನಾಲ್ಕು ಪ್ರಶ್ನೆಗಳಿಗೆ ನೇರವಾದ ಉತ್ತರ ನೀಡುವ ಮಾರಾಟಗಾರರೊಡನೆ ಮಾತುಕತೆ ಮುಂದುವರಿಸಬಹುದು. ಉತ್ತರ ದೊರೆಯದಿದ್ದರೆ ದರ ಎಷ್ಟೇ ಆಕರ್ಷಕವಾಗಿದ್ದರೂ ತುಸು ತಾಳುವುದೇ ಲೇಸು.